ಬಿಸಿ ಎಣ್ಣೆ

ಅಣ್ಣನ ಹಳೇ ಕಾರಿನ ಸ್ಟೀರಿಂಗ್ ಬಾಕ್ಸಿಗೆ ಮಂದ ಎಣ್ಣೆಯನ್ನೇ ಹಾಕಬೇಕು. ಎಣ್ಣೆ ಸೋರುತ್ತದೆಂದು ನಾನು ಸೋಮಾರಿತನದಿಂದ ಗ್ರೀಸ್ ತುಂಬಿದ್ದೆ. ಗ್ರೀಸ್ ಎಣ್ಣೆಯಂತೆ ಹರಿಯದೆ ಒಳಗಿನ ಗೇರಿನ ಹಲ್ಲುಗಳು ಒಣಗಿ, ತಿರುವಿನಲ್ಲಿ ಸ್ಟೀರಿಂಗ್ ಕಚ್ಚಿಕೊಂಡು, ಅಣ್ಣ ತೀರಿಹೋದ. ಕುಡಿದಿದ್ದನೆಂದರು ಜನ. ನಾನು ಬಾಯಿ ಬಿಡಲಿಲ್ಲ.

ಕಾರನ್ನು ಗುಜರಿಗೆ ಹಾಕುವ ಮುಂಚೆ, ಯಾರ ಕಣ್ಣಿಗೂ ಬೀಳದಂತೆ ಆ ಗ್ರೀಸ್ ಒರೆಸಿಬಿಡೋಣವೆಂದು ಒಂದು ಮಧ್ಯಾಹ್ನ ಬಾಕ್ಸಿನ ಬಿರಡೆ ತೆಗೆದು ಬೆರಳಿಟ್ಟೆ. ಗ್ರೀಸ್ ಇರಲಿಲ್ಲ. ಅಂಚಿನವರೆಗೂ ಹೊಸ ಎಣ್ಣೆ ತುಂಬಿತ್ತು. ವರ್ಷದಿಂದ ಬೀಗ ಹಾಕಿದ್ದ ಶೆಡ್ಡಿನಲ್ಲಿ, ಈಗಷ್ಟೇ ಓಡಿ ಬಂದ ಗಾಡಿಯ ಎಣ್ಣೆಯಂತೆ ಬಿಸಿಯಾಗಿತ್ತು.

ಅತ್ತಿಗೆ ಬಾಗಿಲಿಗೆ ಬಂದರು. "ಗುಜರಿಗೆ ಹೋಗೋ ಗಾಡಿಗೆ ಸ್ನಾನ ಬೇರೆ ಮಾಡಿಸ್ತಿದ್ದೀಯಾ? ನಿಜ ಹೇಳಪ್ಪಾ, ನಿಮ್ಮಣ್ಣ ಕುಡಿದಿದ್ರಾ?"

"ಜನ ಹಾಗಂತಾರಲ್ಲ, ಅತ್ತಿಗೆ," ಎಂದೆ.

ಅದಾಗಿ ಮೂರು ವರ್ಷವಾಯಿತು. ದೇವರಿಗೆ ಕೈ ಮುಗಿದರೆ ಎಣ್ಣೆಗಿಟ್ಟ ಆ ಬೆರಳು ಇನ್ನೊಂದು ಕೈಯ ಬೆರಳನ್ನು ಇವತ್ತಿಗೂ ಸುಡುತ್ತದೆ.