ಗೋಡೆಯಾಚೆಯ ಬಿಸಿ

"ಗೋಡೆಯಿಂದ ಕೈ ತೆಗೀರಿ!"

ಸ್ಪಂದನಾಳ ಕೂಗಿಗೆ ಆ ಅಪರಿಚಿತ ತಿರುಗಲೂ ಇಲ್ಲ. ಅವಳ ಕೋಣೆಯ ಗೋಡೆಗೆ ಬಲ ಅಂಗೈ ಒತ್ತಿ, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತನ ಗತ್ತಿನಲ್ಲಿ ನಿಂತಿದ್ದ.

"ಯಾರ್ರೀ ನೀವು?"

"ಯತೀಶ. ಪಿರಿಯಾಪಟ್ಟಣದ ಕಡೆಯೋನು. ಹೊಗೆಸೊಪ್ಪು ಬೇಯ್ಸಕ್ಕೆ ನಿಮ್ಮಪ್ಪಾಜಿ ಕರ್ಸವ್ರೆ. ಈ ಗೋಡೆ ಆಕಡೆ ಬ್ಯಾರನ್ ಅಲ್ವಾ, ಬಿಸಿ ನೋಡ್ತಿದ್ದೆ."

"ಬಿಸಿ ನೋಡಕ್ಕೆ ಮೀಟರ್ ಇರುತ್ತೆ."

"ಬ್ಯಾರನ್‌ದು ಒಡೆದೋಗೈತಂತೆ. ನಂಗೆ ಅಂಗೈಯೇ ಮೀಟ್ರು ಕಣ್ರೀ."

ಅವನು ಕಣ್ಣು ತೆರೆದ. ಅದರಲ್ಲಿ ನಗುವಿತ್ತು, ನಗುವಿನ ಹಿಂದೆ ನಿದ್ದೆಗೆಟ್ಟ ಇನ್ನೇನೋ ಇತ್ತು. ಬೈಯಬೇಕೆಂದಿದ್ದ ಸ್ಪಂದನಾ ಅವನಿಗೆ ಗೋಡೆಯ ಪಕ್ಕ ಜಾಗ ಬಿಟ್ಟಳು.

ಗಾವಡಗೆರೆಯ ಆ ಮನೆಯಲ್ಲಿ ಕೋಣೆಗೂ ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಹದ ಮಾಡುವ ಬ್ಯಾರನ್ನಿಗೂ ಇದ್ದದ್ದು ಒಂದೇ ಗೋಡೆ. ಆಚೆ ಕಡ್ಡಿಗೆ ಪೋಣಿಸಿದ ಸೊಪ್ಪು ಬೇಯುತ್ತಿತ್ತು. ಈಚೆ ಮೂರು ಹಲಗೆಗಳ ಮೇಲೆ ಇನ್ನೂರು ಪುಟ್ಟ ಕುಂಡಗಳಲ್ಲಿ ಸ್ಪಂದನಾಳ ಸಕ್ಯುಲೆಂಟ್‌ಗಳು ಉಬ್ಬಿದ ಎಲೆಗಳಲ್ಲಿ ನೀರು ತುಂಬಿಕೊಂಡು ಕುಳಿತಿದ್ದವು. ಎರಡು ವರ್ಷ ಸಾಕಿದ ಗಿಡಗಳು. ಕೆ.ಆರ್. ನಗರದ ಮದುವೆಯೊಂದರ ಉಡುಗೊರೆಗೆ ಅಷ್ಟನ್ನೂ ಕೇಳಿದ್ದರು.

ಅಜ್ಜಿ ಚಿಕ್ಕಸಿದ್ದಮ್ಮನಿಗೆ ಅವೆಲ್ಲ ಬರೀ ಕಳ್ಳಿ. ಹೊಸಬನ ಬಗ್ಗೆ ಮಾತ್ರ ಅವಳ ಬಳಿ ವಿವರಗಳಿದ್ದವು.

"ಅವುಂದೇ ಬ್ಯಾರನ್ ಎರಡು ವರ್ಷದ್ ಹಿಂದೆ ಉರ್ದೋಯ್ತಂತೆ ಕಣವ್ವ. ಅವನ್ ಕಾಲಿಟ್ ಕಡೆ ಬೆಂಕಿ ಅಂತಾರೆ."

"ಯಾರಜ್ಜಿ ಅಂತಾರೆ?"

"ಅನ್ನೋರು ಅಂತಾರೆ ಬುಡು. ನೀನು ಆ ಗೋಡೆ ಪಕ್ಕ ಮಲಗ್‌ಬ್ಯಾಡ."

ಅಂದಿನಿಂದ ಸ್ಪಂದನಾಳಿಗೆ ಗೋಡೆಯೊಳಗೆ ಏನೋ ಚಿಟಪಟ ಎಂದಂತೆ ಕೇಳಿಸತೊಡಗಿತು. ಯತೀಶ ದಿನಾ ಬೆಳಿಗ್ಗೆ ಬರುತ್ತಿದ್ದ, ಗೋಡೆಗೆ ಅಂಗೈ ಇಡುತ್ತಿದ್ದ. ಗೋಡೆ ನೋಡಲು ಒಂದು ನಿಮಿಷ ಸಾಕು. ಅವನು ಅರ್ಧ ಗಂಟೆ ನಿಲ್ಲುತ್ತಿದ್ದ.

"ಈ ಗಿಡುಕ್ಕೆ ಎಷ್ಟು ಬಿಸಿ ಬೇಕು?"

"ಹದಿನೆಂಟರಿಂದ ಇಪ್ಪತ್ತೇಳು ಡಿಗ್ರಿ ಇದ್ರೆ ಖುಷಿ. ರಾತ್ರಿ ಒಂಚೂರು ತಂಪಾದ್ರೂ ನಡೆಯುತ್ತೆ. ಮೂವತ್ತೈದು ದಾಟಿದ್ರೆ ಬೆಳೆಯೋದೇ ನಿಲ್ಲಿಸ್ತವೆ. ನಲವತ್ತಾದ್ರೆ ಎಲೆಯೊಳಗಿನ ನೀರೇ ಬೇಯುತ್ತೆ."

"ಮುನಿಸ್ಕೊಂಡ್ರೆ ಬಾಯ್ಬಿಟ್ಟು ಹೇಳಲ್ವಾ?"

"ಹೇಳಲ್ಲ. ನೋಡಿ ತಿಳ್ಕೋಬೇಕು."

"ಕಷ್ಟ ಕಣ್ರೀ, ಅಂಥವರ ಜೊತೆ..."

ಗಿಡಗಳ ಬಗ್ಗೆಯೇ ಹೇಳಿದ್ದೆಂದು ಇಬ್ಬರೂ ನಟಿಸಿದರು.

ನಾಲ್ಕನೇ ದಿನ ಹಲಗೆಯ ಮೇಲಿದ್ದ ಅವಳ ಪುಟ್ಟ ಮೀಟರ್ ಮೂವತ್ತಮೂರು ತೋರಿಸಿತು. ಮರುದಿನ ಮೂವತ್ತೇಳು! ಗೋಡೆಗೆ ಹತ್ತಿರದ ಸಾಲಿನಲ್ಲಿ ಕೆಳಗಿನ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ ಮೆತ್ತಗಾಗಿದ್ದವು.

"ಯತೀಶ್, ಗೋಡೆ ಜಾಸ್ತಿ ಬಿಸಿಯಾಗ್ತಿದೆ."

ಅವನು ಅಂಗೈ ಇಟ್ಟ. ಬಹಳ ಹೊತ್ತು ಇಟ್ಟ.

"ಸರ್ಯಾಗೈತೆ."

ಆದರೂ ಅವನ ಕಣ್ಣು ಮಾತ್ರ ಆ ಗಾಜಿನಂಥ ಎಲೆಗಳನ್ನು ಬಿಟ್ಟು ಕದಲಲಿಲ್ಲ. ಮೀಟರ್ ಸುಳ್ಳು ಹೇಳುವುದಿಲ್ಲ... ಹಾಗಾದರೆ ಇವನು? ಸ್ಪಂದನಾ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು. ಪ್ರೀತಿ ಶುರುವಾದ ಮೇಲೆ ಅಂಕಿಗಳನ್ನು ನಂಬುವವರು ಕಡಿಮೆ.

ಸೆಕೆಗೆ ಆ ರಾತ್ರಿ ಅಜ್ಜಿಯ ಬಳಿ ಮಲಗಿದ್ದ ಅವಳು ಮರುದಿನ ಬೆಳಿಗ್ಗೆ ಕೋಣೆಗೆ ಬಂದಾಗ ಹಲಗೆಗಳು ಬರಿದಾಗಿದ್ದವು.

ಓಡಿ ಹೊರಬಂದಳು. ಮಂಜು ಕವಿದ ಅಂಗಳದಲ್ಲಿ ಇನ್ನೂರು ಕುಂಡಗಳೂ ಇಬ್ಬನಿಯಲ್ಲಿ ತೊಯ್ದು ಸಾಲಾಗಿ ಕುಳಿತಿದ್ದವು. ಬಿಸಿ ಕೋಣೆಯಿಂದ ನೇರ ಹನ್ನೆರಡು ಡಿಗ್ರಿಗೆ! ಗೋಡೆ ಪಕ್ಕದ ಸಾಲನ್ನು ಮುಟ್ಟಿದರೆ ಎಲೆಗಳು ಕಳಚಿ ಕೈಗೆ ಬಂದವು.

ಯತೀಶ ಬ್ಯಾರನ್ನಿನ ಒಲೆಯ ಮುಂದೆ ನಿಂತಿದ್ದ.

"ನೀವೇನಾ?"

"ಊಂ. ಸೊಪ್ಪು ಅತಿಯಾಗಿ ಒಣಗಿದ್ರೆ ನಾವು ಇಬ್ಬನಿಗೆ ಬುಡ್ತೀವಿ, ಮೆತ್ತಗಾಯ್ತದೆ. ಅಂಗೇ ಇವೂ..."

"ಇವು ಹೊಗೆಸೊಪ್ಪಲ್ಲ! ನನ್ನನ್ನ ಒಂದು ಮಾತು ಕೇಳಕ್ಕಾಗ್ಲಿಲ್ವಾ? ಗೋಡೆ ಬಗ್ಗೆ ಹೇಳ್ದೆ ಅಂತ ಸೇಡಾ?"

ಅವನು ಬಾಗಿ, ಕಾದು ಸುಡುತ್ತಿದ್ದ ಒಲೆಯ ಕಬ್ಬಿಣದ ಬಾಗಿಲನ್ನು ಬರಿಗೈಯಲ್ಲಿ ಹಿಡಿದು ತೆರೆದ. ಸುಟ್ಟ ಚರ್ಮದ ವಾಸನೆ ಬಂತು.

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಸ್ಪಂದನಾ ಹತ್ತಿರ ಬಂದು ಅವನ ಕೈ ನೋಡಿದಳು.

"ಯತೀಶ್... ಕೈ... ನಿಮಗೆ ಉರೀತಿಲ್ವಾ?"

ಅವನು ತನ್ನ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ಆವತ್ತು ನಮ್ಮ ಬ್ಯಾರನ್ ಉರಿದಾಗ್ಲೇ ಓಯ್ತು. ಬಿಸಿನೂ ಗೊತ್ತಾಗಲ್ಲ, ತಣ್ಣಗೂ ಗೊತ್ತಾಗಲ್ಲ. ಹೇಳಿದ್ರೆ ಯಾರ್ ಕೆಲ್ಸ ಕೊಡ್ತಾರೆ? ನಿಮ್ಮ ಎಲೆ ನೋಡಿದ್‌ಮೇಲೆ ಭಯ ಆಯ್ತು. ಮೊದ್ಲು ಗಿಡ ಆಚೆಗಿಟ್ಟೆ. ಈಗ ಉರಿ ಇಳಿಸ್ತಿದ್ದೀನಿ..."

ಕೋಣೆಗೆ ಓಡಿ ಮೀಟರ್ ನೋಡಿದಳು. ನಲವತ್ತನಾಲ್ಕು! ಗೋಡೆಯೊಳಗೆ ಚಿಟಪಟ ಸದ್ದು. ಈಗ ಅದು ಭ್ರಮೆಯಾಗಿರಲಿಲ್ಲ.

"ಒಳಗೆ ಏನೋ ಸುಡ್ತಿದೆ!"

ಯತೀಶ ಒಲೆಯಿಂದ ಉರಿಯುವ ಕೊರಡುಗಳನ್ನು ಹೊರಗೆಳೆದ. ಒದ್ದೆ ಗೋಣಿಚೀಲ ಹೊದ್ದು ಬ್ಯಾರನ್ ಬಾಗಿಲಿಗೆ ಬಂದ. ಸ್ಪಂದನಾ ಅಡ್ಡ ನಿಂತಳು.

"ಬೇಡ. ಬಿಸಿ ಎಷ್ಟಿದೆ ಅಂತ ನಿಮಗೆ ಗೊತ್ತೇ ಆಗಲ್ಲ!"

"ಕೈಗೆ ಗೊತ್ತಾಗಲ್ಲ, ಮೈಗೆ ಗೊತ್ತಾಯ್ತದೆ. ನೀವು ಹತ್ತು ಎಣಿಸಿ. ಹತ್ತುಕ್ಕೆ ಕೂಗಿ, ಬತ್ತೀನಿ."

ಒಂದು... ಎರಡು... ಹೊಗೆ ಅವನನ್ನು ನುಂಗಿತು. ಆರು... ಏಳು... ಇನ್ನೂ ಒಂದು ಕೆಂಪು ಕಿಡಿ ಮೇಲಿನ ಸಾಲಿಗೆ ಹಾರಿದರೆ ಸೊಪ್ಪು, ಸೂರು, ಮನೆ, ಅವನು...

"ಹತ್ತು! ಯತೀಶ್!"

ಯಾರೂ ಬರಲಿಲ್ಲ.

"ಯತೀಶಾ!"

ಕೆಮ್ಮುತ್ತಾ, ಒಲೆಯ ಬಿಸಿ ಹರಿಯುವ ತಗಡಿನ ಕೊಳವೆಯ ಮೇಲೆ ಬಿದ್ದು ಕಮರುತ್ತಿದ್ದ ಸೊಪ್ಪಿನ ಕಂತೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಅವನು ಹೊರಬಿದ್ದ.

ಅಷ್ಟರಲ್ಲಿ ಅಪ್ಪ ಗೋವಿಂದಯ್ಯ ಎದ್ದು ಬಂದಿದ್ದರು. ಯತೀಶ ನೆಲದಲ್ಲಿ ಕೂತೇ ಎಲ್ಲವನ್ನೂ ಹೇಳಿದ. ಅಂಗೈ ತೋರಿಸಿದ.

"ಮೊದ್ಲೇ ಹೇಳಿದ್ರೆ ನಿನಗೆ ಕೆಲ್ಸ ಕೊಡ್ತಿರ್ಲಿಲ್ಲ ಕಣ್ಲಾ," ಎಂದರು ಗೋವಿಂದಯ್ಯ.

"ಅದ್ಕೇ ಹೇಳ್ಲಿಲ್ಲ ಯಜಮಾನ್ರೇ. ಇವತ್ತೇ ಊರಿಗೆ ಓಯ್ತೀನಿ."

ಗೋವಿಂದಯ್ಯ ನೆಟ್ಟಗೆ ನಿಂತಿದ್ದ ಸೂರನ್ನು ನೋಡಿದರು. ಮಗಳ ಮುಖ ನೋಡಿದರು. ಆ ಮುಖವನ್ನೇ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಇನ್ನೆರಡು ಸಲ ಬೇಯಿಸೋಷ್ಟು ಸೊಪ್ಪು ಹೊಲದಾಗೈತೆ. ಹುಣಸೂರಿಗೋಗಿ ಹೊಸ ಮೀಟ್ರು ತತ್ತೀನಿ. ಓದಕ್ಕಾದ್ರೂ ಬತ್ತದಾ?"

"ಬತ್ತದೆ."

"ಬರದಿದ್ರೂ ಹೇಳ್ಕೊಡೋರು ಅವ್ರೆ ಬುಡು," ಎಂದು ಅವರು ಬೈಕಿನ ಕೀಲಿ ಹುಡುಕಲು ಹೋದರು.

ಇನ್ನೂರರಲ್ಲಿ ನೂರಾ ಮೂವತ್ತು ಗಿಡ ಉಳಿದವು. ಮದುವೆಯವರಿಗೆ ನಿಜ ಹೇಳಿದಳು. ಅವರು ಇದ್ದಷ್ಟೇ ಸಾಕೆಂದರು.

ಆದರೆ ಅದು ಮಧ್ಯಾಹ್ನದ ಮಾತು. ಅದಕ್ಕೂ ಮುಂಚೆ, ಬೆಳಗಿನ ಮಂಜು ಇನ್ನೂ ಕರಗದಿದ್ದಾಗ, ಜಗಲಿಯಲ್ಲಿ ಅವಳು ಅವನ ಅಂಗೈಗೆ ಮುಲಾಮು ಹಚ್ಚುತ್ತಿದ್ದಳು. ಬ್ಯಾರನ್ನಿನಿಂದ ಕಮಟು ಹೊಗೆ ಇನ್ನೂ ತೆಳ್ಳಗೆ ಏಳುತ್ತಿತ್ತು.

"ನೋಯಲ್ಲ ಕಣ್ರೀ, ಬುಡಿ."

"ನಿಮಗೆ ನೋಯಲ್ಲ. ನನಗೆ ನೋಯುತ್ತೆ."

ಅವಳು ಬಟ್ಟೆ ಸುತ್ತಿ ಗಂಟು ಹಾಕಿದಳು. ಕೈ ಮಾತ್ರ ಬಿಡಲಿಲ್ಲ.

"ಇನ್ಮೇಲೆ ನನ್ನತ್ರ ಸುಳ್ಳು ಹೇಳ್ಬಾರ್ದು."

"ಹೇಳಲ್ಲ."

"ಹಾಗಾದ್ರೆ ಹೇಳಿ. ಒಳಗೆ ಹೋದಾಗ ಭಯ ಆಯ್ತಾ?"

"ಒಳಗೋದಾಗ ಆಗ್ಲಿಲ್ಲ..." ಅವನು ತಲೆ ತಗ್ಗಿಸಿದ. "ನೀವು ಹತ್ತು ಅಂದ್ರಲ್ಲ, ಆಗ ಆಯ್ತು. ನಾ ಬರದಿದ್ರೆ ನೀವೇ ಒಳುಕ್ಕೆ ಬಂದ್ಬುಡ್ತೀರೇನೋ ಅಂತ."

"ಬಂದೇ ಬರ್ತಿದ್ದೆ," ಎಂದಳು ಸ್ಪಂದನಾ.