ನೀನು ಕಳ್ಳನಾಗಿದ್ದರೆ...

"ನನ್ನ ಕಣ್ಣೆದುರೇ ತೂತು ಕೊರೀರಿ! ಈಗಲೇ!"

ಝೋರ್ನಿತ್ಸಾ ಹಳೆಯ ಕಂಪ್ಯೂಟರನ್ನು ಮೇಜಿನ ಮೇಲೆ ಕುಕ್ಕಿದಳು. ಡ್ಯಾನ್ಯೂಬ್ ನದಿಯ ದಡದ ರೂಸೆ ಪಟ್ಟಣದ ಆ ಪುಟ್ಟ ರಿಪೇರಿ ಅಂಗಡಿಯ ಲ್ಯೂಬೆನ್ ಬೆಚ್ಚಿ ತಲೆಯೆತ್ತಿದ.

ಅಬ್ಬಾ, ಎಂಥ ಕಣ್ಣು! ಸಿಟ್ಟಿನಲ್ಲೂ ಇಷ್ಟು ಚೆಂದವಾ!

"ಮೇಡಂ, ಕಂಪ್ಯೂಟರ್ ಚೆನ್ನಾಗೇ ಇದೆಯಲ್ಲ..."

"ಚೆನ್ನಾಗಿದ್ದು ಏನು ಬಂತು? ಹೊಸ ಸಿಸ್ಟಮ್ ಇದರಲ್ಲಿ ಓಡಲ್ಲವಂತೆ. ಬೇರೆ ತಗೊಂಡಿದ್ದೀವಿ. ಅಮ್ಮನ ಫೋಟೋ, ವಿಡಿಯೋ ಎಲ್ಲ ಕ್ಲೌಡ್‌ಗೆ ಹಾಕಿದ್ದಾಯ್ತು. ಇದರ ಡಿಸ್ಕ್ ಯಾರ ಕೈಗೂ ಸಿಗಬಾರದು."

ರೇಡಿಯೋ ರಿಪೇರಿಗೆಂದು ಬಂದು ಮೂಲೆಯಲ್ಲಿ ಕುಳಿತಿದ್ದ ಗ್ರಿಗೋರಜ್ಜನಿಗೆ ಬಾಯಿ ತಡೆಯಲಿಲ್ಲ. "ಗಟ್ಟಿಮುಟ್ಟಾದ ಯಂತ್ರ ಕಸಕ್ಕೆ! ನಮ್ಮ ಮುಖ ನೋಡ್ಕೊಳ್ಳೋಕೆ ತಿಂಗಳು ತಿಂಗಳು ಬಾಡಿಗೆ! ಭೇಷ್ ಕಣಮ್ಮ!"

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅಜ್ಜ!" ಅವಳು ಲ್ಯೂಬೆನ್‌ನತ್ತ ತಿರುಗಿದಳು. "ನಿಮ್ಮಂಥವರು ಗುಟ್ಟಾಗಿ ಕಾಪಿ ಇಟ್ಕೊಳ್ತೀರ ಅಂತ ನನಗೆ ಗೊತ್ತಿಲ್ವಾ?"

ಇದನ್ನೆಲ್ಲ ಅವಳ ತಲೆಗೆ ತುಂಬಿದ್ದು ಅಮ್ಮ ನೆದ್ಯಾಲ್ಕಾ. ಆಕೆ ಹುಡುಗಿಯಾಗಿದ್ದಾಗ ಸರ್ಕಾರದವರು ಜನರ ಅಂಚೆ ಒಡೆದು ಓದುತ್ತಿದ್ದರು. ನಮ್ಮಲ್ಲಿ ಆ ವಯಸ್ಸಿನವರೆಲ್ಲ ಹಾಗೆಯೇ, ಗೋಡೆಗೂ ಹೆದರುತ್ತಾರೆ. ಫೋಟೋಗಳು ಕಂಪ್ಯೂಟರಿಗೆ ಸೇರಿದ ಮೇಲೆ ನೆದ್ಯಾಲ್ಕಾ ಹಳೆಯ ಆಲ್ಬಮ್‌ಗಳನ್ನೂ ಒಲೆಗೆ ಹಾಕಿಬಿಟ್ಟಿದ್ದಳು.

ಲ್ಯೂಬೆನ್ ಡ್ರಿಲ್ ತೆಗೆದು ಡಿಸ್ಕನ್ನು ಕೊರೆದ.

ಮರುವಾರ ಝೋರ್ನಿತ್ಸಾ ತಾನೇ ಕ್ಷಮೆ ಕೇಳಲು ಬಂದಳು. ಕ್ಷಮೆ ಕಾಫಿಯಾಯಿತು, ಕಾಫಿ ಡ್ಯಾನ್ಯೂಬ್ ದಂಡೆಯ ಸಂಜೆಯ ನಡಿಗೆಯಾಯಿತು. ಒಂದು ಭಾನುವಾರ ನೆದ್ಯಾಲ್ಕಾ ಅವನನ್ನು ಊಟಕ್ಕೆ ಕರೆದು, ಬೇಡ ಬೇಡವೆಂದರೂ ಅಕ್ಕಿ ತುಂಬಿದ ದೊಣ್ಣೆಮೆಣಸಿನಕಾಯಿ ಬಡಿಸಿದಳು. ಝೋರ್ನಿತ್ಸಾ, ಲ್ಯೂಬೆನ್ ಇಬ್ಬರ ಮನಸ್ಸಿನಲ್ಲೂ ಪ್ರೀತಿ ಇತ್ತು, ಬಾಯಿಗೆ ಮಾತ್ರ ಬರಲಿಲ್ಲ. ಇವರಿಬ್ಬರ ಸಂಕೋಚಕ್ಕೆ ಬೆಂಕಿ ಬೀಳ!

ಅಷ್ಟರಲ್ಲಿ ನೆದ್ಯಾಲ್ಕಾ ಹಾಸಿಗೆ ಹಿಡಿದಳು. ಚಳಿಗಾಲವೆಲ್ಲ ಆಸ್ಪತ್ರೆಯಲ್ಲೇ ಕಳೆಯಿತು. ವಸಂತ ಬಂತು, ಅಮ್ಮ ಮನೆಗೆ ಬರಲಿಲ್ಲ.

ಸತ್ತವರ ಫೋಟೋ ಹಾಕಿ ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಚೀಟಿ ಅಂಟಿಸುವುದು ನಮ್ಮ ರೂಢಿ. ಮೊದಲ ಚೀಟಿ ಗಡಿಬಿಡಿಯಲ್ಲಿ ಬರೀ ಶಿಲುಬೆಯ ಗುರುತಿನೊಂದಿಗೆ ಅಚ್ಚಾಗಿತ್ತು. ಅಮ್ಮನ ಫೋಟೋ ಇದ್ದ ಗುರುತಿನ ಕಾರ್ಡನ್ನೂ ನಗರಸಭೆಯವರು ವಾಪಸು ಪಡೆದಿದ್ದರು. ಸಾವಿನ ನಲವತ್ತನೆಯ ದಿನ ಮತ್ತೆ ಅಂಟಿಸುವ ಚೀಟಿಯಲ್ಲಾದರೂ ಅಮ್ಮ ನಗಬೇಕು ಎಂದುಕೊಂಡು ಝೋರ್ನಿತ್ಸಾ ಕಂಪ್ಯೂಟರ್ ತೆರೆದಳು.

ಖಾಲಿ ಚೌಕಗಳು... ಬರೀ ಖಾಲಿ ಚೌಕಗಳು!

ಕ್ಲೌಡ್ ಖಾತೆ ಇದ್ದದ್ದು ಅಮ್ಮನ ಹೆಸರಿನಲ್ಲಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಚಂದಾ ನಿಂತಿತ್ತು. ಎಚ್ಚರಿಕೆಗಳೆಲ್ಲ ಅಮ್ಮನ ಇಮೇಲಿಗೆ ಹೋಗಿ ಬಿದ್ದಿದ್ದವು. ಝೋರ್ನಿತ್ಸಾಳ ಫೋನಿನಲ್ಲಿ ಕಾಣುತ್ತಿದ್ದ ಫೋಟೋಗಳೂ ಅದೇ ಖಾತೆಯವು, ಅವೂ ಹೋಗಿದ್ದವು. ಚಂದಾ ಬಾರದೆ ಅಳಿಸಿದ್ದನ್ನು ಮರಳಿ ತರಲಾಗದು ಎಂದು ಕಂಪನಿಯಿಂದ ಒಂದೇ ಸಾಲಿನ ಉತ್ತರ ಬಂತು. ಹೇಳಿ, ಯಾರನ್ನು ಹಿಡಿದು ಬೈಯುವುದು?

ಅವಳು ಅಂಗಡಿಗೆ ಓಡಿದಳು.

"ಲ್ಯೂಬೆನ್, ನಿಜ ಹೇಳು. ಆವತ್ತು ಕಾಪಿ ಮಾಡಿ ಇಟ್ಕೊಂಡೆ ಅಲ್ವಾ?"

ಅವನ ಮುಖ ಕಪ್ಪಿಟ್ಟಿತು. "ನಿಮ್ಮನೇಲಿ ಕೂತು ಉಂಡಿದ್ದೀನಿ ಝೋರಿ. ಇನ್ನೂ ನನ್ನನ್ನ ಕಳ್ಳ ಅಂತಲೇ ತಿಳ್ಕೊಂಡಿದ್ಯಾ?"

"ಇಟ್ಕೊಂಡಿದ್ದೀಯ ತಾನೇ? ಹೇಳು!"

"ಇಲ್ಲ! ಆಣೆ ಮಾಡಿ ಹೇಳ್ತೀನಿ, ಇಲ್ಲ!"

ಅವಳು ಕುಸಿದು ಕುಳಿತಳು. "ಕಳ್ಳನಾಗಿರು ಲ್ಯೂಬೆನ್... ದಮ್ಮಯ್ಯ, ಕಳ್ಳನಾಗಿರು! ನಾನು ಏನೂ ಅನ್ನಲ್ಲ. ಅಮ್ಮನ ಒಂದೇ ಒಂದು ಫೋಟೋ ಕದ್ದಿದ್ದೀನಿ ಅನ್ನು..."

ಆಗ ಅವನಿಗೆ ಅರ್ಥವಾಯಿತು. "ಕೊರೆದ ಡಿಸ್ಕ್‌ನಿಂದ ಏನೂ ಬರಲ್ಲ ಝೋರಿ. ನನ್ನ ಹತ್ರ ಏನೂ ಇಲ್ಲ."

"ಹೇಳಿದ ತಕ್ಷಣ ಕೊರೆದೇ ಬಿಡೋದಾ? ಇನ್ನು ನನ್ನ ಕಣ್ಣಿಗೆ ಬೀಳಬೇಡ!"

ತಪ್ಪು ಅವನದಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ದುಃಖಕ್ಕೆ ನ್ಯಾಯ ಎಲ್ಲಿಂದ ಬರಬೇಕು? ಅವನು ಮತ್ತೆ ಮತ್ತೆ ಫೋನ್ ಮಾಡಿದ. ಅವಳು ಎತ್ತಲೇ ಇಲ್ಲ.

ನಲವತ್ತನೆಯ ದಿನ ಬೆಳಿಗ್ಗೆ ಅವಳು ಒಬ್ಬಳೇ ಚೀಟಿ ಹಿಡಿದು ಕಟ್ಟಡದ ಬಾಗಿಲಿಗೆ ಬಂದಳು. ಫೋಟೋದ ಜಾಗ ಬಿಳಿಯಾಗಿಯೇ ಇತ್ತು. ಲ್ಯೂಬೆನ್ ಅಂಟು, ಬ್ರಷ್ ಹಿಡಿದು ಅಲ್ಲೇ ಕಾಯುತ್ತಿದ್ದ. ಬೈಯಲೂ ಅವಳಿಗೆ ತ್ರಾಣವಿರಲಿಲ್ಲ. ಅವನು ಅಂಟು ಸವರಿದ, ಅವಳು ಚೀಟಿ ಒತ್ತಿದಳು.

"ಅಮ್ಮನ ಕೆನ್ನೆ ಮೇಲೆ ಮಚ್ಚೆ ಇತ್ತಲ್ವಾ..." ಅವಳು ಚೀಟಿಯ ಬಿಳಿ ಜಾಗದ ಮೇಲೆ ಬೆರಳಾಡಿಸಿದಳು. "ಯಾವ ಕೆನ್ನೆ ಅಂತ ಜ್ಞಾಪಕ ಬರ್ತಿಲ್ಲ ಲ್ಯೂಬೆನ್! ರಾತ್ರಿಯೆಲ್ಲ ಯೋಚಿಸ್ದೆ... ನಾನೆಂಥ ಮಗಳು!"

"ಎಡಗೆನ್ನೆ," ಎಂದ ಅವನು ಮೆಲ್ಲಗೆ. "ನಕ್ಕರೆ ಸುಕ್ಕಿನೊಳಗೆ ಮುಚ್ಚಿಹೋಗ್ತಿತ್ತು. ಊಟಕ್ಕೆ ನಾನು ಎದುರಿಗೇ ಕೂತಿದ್ದೆನಲ್ಲ."

ಝೋರ್ನಿತ್ಸಾ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. "ಮತ್ತೆ ದನಿ? ಅಮ್ಮನ ದನಿ ನೆನಪಿದೆಯಾ?"

ಅವನು ಬ್ರಷ್ಷನ್ನು ಕೆಳಗಿಟ್ಟ. "ಇಲ್ಲ ಝೋರಿ... ಎಷ್ಟು ಪ್ರಯತ್ನಪಟ್ಟರೂ ದನಿ ನೆನಪಿಗೆ ಬರ್ತಿಲ್ಲ."

"ಇದೆ ಅಂತ ಒಂದು ಸುಳ್ಳು ಹೇಳಬಾರದಾ?"

"ನಿನ್ನ ಹತ್ರ ಸುಳ್ಳು ಹೇಳೋಕೆ ನನಗೆ ಬರಲ್ಲ."

ಅವಳು ಹಣೆಯನ್ನು ಅವನ ಎದೆಗೆ ಒತ್ತಿದಳು. ಅಂಟು ಮೆತ್ತಿದ್ದ ಅವನ ಕೈ ಅವಳ ಬೆನ್ನು ಮುಟ್ಟಲು ಹಿಂಜರಿದು, ಕೊನೆಗೆ ಮುಟ್ಟಿತು.

"ಹಾಗಾದ್ರೆ ಇನ್ನೊಂದು ನಿಜ ಹೇಳು," ಎಂದಳು.

"ನಿನ್ನನ್ನ ತುಂಬಾ ಪ್ರೀತಿಸ್ತೀನಿ ಝೋರಿ."

"ಗೊತ್ತು ಕಣೋ... ಆದರೂ ನೀನು ಕದ್ದಿರಬೇಕಿತ್ತು."

"ಹೌದು," ಎಂದ ಅವನು. "ಕದ್ದಿರಬೇಕಿತ್ತು."