ಓದಿ ಹೇಳು

"ಕೆಳಗಿನ ಖಾನೆಗೆ ಕೈ ಹಾಕಬೇಡ," ಅಂದಳು ಲ್ಯಾಬಿನ ಅಟೆಂಡರಮ್ಮ. "ಮೇಲಿನ ಮೂರು ಖಾನೆ ಬೇಕಾದರೆ ತೆಗಿ. ಕೆಳಗಿಂದು ಮಾತ್ರ ಬೇಡ."

ಸೆಮಿಸ್ಟರಿನ ಮೊದಲ ದಿನ. ಎರಡು ತಿಂಗಳು ಮುಚ್ಚಿದ್ದ ರಸಾಯನಶಾಸ್ತ್ರದ ಲ್ಯಾಬು ಆಗಷ್ಟೇ ಬಾಗಿಲು ತೆರೆದಿತ್ತು. ಕೊಳೆತ ಮೊಟ್ಟೆಯಂಥ ಅನಿಲದ ವಾಸನೆ, ಒದ್ದೆ ಗೋಡೆಯ ಮುಗ್ಗಲು, ತುಕ್ಕು ಹಿಡಿದ ನಲ್ಲಿಗಳ ನಾತ ಎಲ್ಲ ಕಲೆತು ಗಂಟಲಿಗೆ ಅಡರುತ್ತಿದ್ದವು. ಕಿಟಕಿಯ ಗಾಜಿಗೆ ಕಪ್ಪು ಬಣ್ಣ ಬಳಿದಿದ್ದರಿಂದ ಮಧ್ಯಾಹ್ನದ ಹೊತ್ತಿನಲ್ಲೂ ಮೂಲೆಗಳಲ್ಲಿ ಕತ್ತಲು. ಅಂಥದೊಂದು ಮೂಲೆಯಲ್ಲಿ ಹಳೇ ಮರದ ಕಪಾಟು ನಿಂತಿತ್ತು.

"ಯಾಕೆ, ಒಳಗೆ ಹಾವಿದೆಯಾ?" ಹೊಸ ಹುಡುಗಿ ನಕ್ಕಳು.

"ರೆಕಾರ್ಡ್ ಬುಕ್ ಇದೆ. ಸತ್ತವಳದ್ದು. ಅದನ್ನ ನೋಡ್ಕೊಂಡು ಯಾರೂ ಬರೀಬಾರ್ದು."

"ಅಷ್ಟೊಂದು ತಪ್ಪು ಬರೆದಿದ್ದಾಳಾ?"

"ಎಲ್ಲಾ ಸರಿಯಾಗೇ ಬರೆದಿದ್ದಾಳೆ." ಅಟೆಂಡರಮ್ಮ ಬೀಕರು ಒರೆಸುವುದನ್ನು ನಿಲ್ಲಿಸಲಿಲ್ಲ. "ಮಾಟ ಮಾಡಿ ಕಟ್ಟಿಟ್ಟಿರೋದು ಅದು. ಅದನ್ನ ನೋಡಿ ಬರೆದ ಕೈ ಆಮೇಲೆ ಬರೆದವರ ಮಾತು ಕೇಳಲ್ಲ."

ಹುಡುಗಿಗೆ ನಗು ತಡೆಯಲಾಗಲಿಲ್ಲ. ಗೋಡೆ ತುಂಬ ಧಾತುಗಳ ಪಟ್ಟಿ ನೇತುಹಾಕಿದ ಕೋಣೆಯಲ್ಲಿ ಮಾಟವಂತೆ, ಮಂತ್ರವಂತೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕುವವರು ಎಲ್ಲಿ ಹೋದರೂ ಒಬ್ಬರಿರುತ್ತಾರೆ ಅಂದುಕೊಂಡಳು.

ಅಟೆಂಡರಮ್ಮ ನೀಲಿ ಕೋಟಿನ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದಳು. "ಆಫೀಸಿನಿಂದ ಬಂತು. ನನಗೆ ಅಕ್ಷರ ಬರಲ್ಲ. ಸ್ವಲ್ಪ ಓದಿ ಹೇಳು."

ಶನಿವಾರದೊಳಗೆ ಸಿಂಕುಗಳನ್ನೆಲ್ಲ ತೊಳೆದಿರಬೇಕು ಎಂಬ ಎರಡು ಸಾಲಿನ ಆದೇಶ ಅದು. ಹುಡುಗಿ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿದಳು: "ಲ್ಯಾಬಿನ ಅಟೆಂಡರನ್ನು ಇಂದಿನಿಂದ ಪ್ರಿನ್ಸಿಪಾಲರನ್ನಾಗಿ ನೇಮಿಸಲಾಗಿದೆ. ಹಳೇ ಪ್ರಿನ್ಸಿಪಾಲರು ನಾಳೆಯಿಂದ ಬೀಕರು ತೊಳೆಯತಕ್ಕದ್ದು."

ಅಟೆಂಡರಮ್ಮ ನಗಲಿಲ್ಲ. ಹುಡುಗಿಯ ಮುಖವನ್ನೇ ನೋಡಿದಳು. ಆಮೇಲೆ ಕಾಗದವನ್ನು ಕಿತ್ತುಕೊಂಡು ನಾಲ್ಕು ಮಡಿಕೆ ಮಾಡಿದಳು.

"ನೀನೂ ಸುಳ್ಳು ಓದ್ತೀಯ," ಅಂದಳು.

"ಅಯ್ಯೋ, ತಮಾಷೆಗೆ ಅಮ್ಮ," ಅಂದಳು ಹುಡುಗಿ, ಮತ್ತು ಹೊರಗೆ ಹೋಗುವಷ್ಟರಲ್ಲಿ ಅದನ್ನು ಮರೆತೂ ಬಿಟ್ಟಳು.

ಈ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿದ್ದೇ ಮೂರನೇ ಸೆಮಿಸ್ಟರಿಗೆ, ಯಾರೋ ಖಾಲಿ ಮಾಡಿದ ಜಾಗದಲ್ಲಿ. ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಹಿಡಿದು ಬಂದವಳೆಂದು ತರಗತಿಯವರು ಮೊದಲ ಗಂಟೆಯಲ್ಲೇ 'ಟೀಸಿ' ಎಂದು ನಾಮಕರಣ ಮಾಡಿ ಮುಗಿಸಿದರು. ಟೀಸಿಯ ಅಪ್ಪ ಅಂಗಡಿಗಳಿಗೆ ಫಲಕ ಬರೆಯುವವನು. ಎರಡು ವರ್ಷದಿಂದ ಅವನ ಕೈ ನಡುಗುತ್ತದೆ, ಚಮಚ ಹಿಡಿದರೂ ಅರ್ಧ ಚೆಲ್ಲುತ್ತದೆ. ಅವನನ್ನು ನೋಡಿಕೊಳ್ಳುತ್ತ ಒಂದು ವರ್ಷದ ಓದು ಹಾಳಾಯಿತು. ಈಗ ಅಪ್ಪ ಬಣ್ಣ ಕಲಸಿಕೊಡುತ್ತಾನೆ, ಮಗಳು ಬರೆಯುತ್ತಾಳೆ. ಗುಂಡಗೆ, ನೆಟ್ಟಗೆ, ಒಂದಕ್ಷರ ಇನ್ನೊಂದಕ್ಕೆ ತಾಗದ ಹಾಗೆ. ಆ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಅವಳ ಬಲಗೈ ಒಂದರಿಂದ.

ತರಗತಿಯ ಪ್ರತಿನಿಧಿಗೆ ಅವಳೂ ಮನಸ್ಸಿನಲ್ಲೇ ಹೆಸರಿಟ್ಟಳು: ಲೀಡರಮ್ಮ. ಹಾಜರಿ ಪುಸ್ತಕ ಅವಳ ಕಂಕುಳಲ್ಲಿ, ಮೇಷ್ಟ್ರುಗಳು ಅವಳ ಜೇಬಿನಲ್ಲಿ. ಎಡಕ್ಕೊಬ್ಬಳು ಸದಾ ಪುಟ್ಟ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವಳು, ಅವಳು ಕನ್ನಡಿ. ಬಲಕ್ಕೊಬ್ಬಳು ಲೀಡರಮ್ಮ ಸೀನಿದರೂ ಕಿಲಕಿಲ ನಗುವವಳು, ಅವಳು ಬಾಲ. ಮೊದಲ ದಿನ ಟೀಸಿಯ ಸ್ಟೂಲಿಗೆ ಶಾಯಿ ಸುರಿದರು. ಎರಡನೇ ದಿನ ಅವಳ ಏಪ್ರನ್ನಿನ ತೋಳುಗಳನ್ನು ಹೊಲಿದು ಮುಚ್ಚಿದರು. ಬೆಕ್ಕಿಗೆ ಚೆಲ್ಲಾಟ. ಮೂರನೇ ದಿನ ಅವಳ ಮುಂದೆ ಮೂರು ಖಾಲಿ ರೆಕಾರ್ಡುಗಳು ಬಿದ್ದವು.

"ನಿನ್ನ ಅಕ್ಷರ ಚೆನ್ನಾಗಿದೆಯಂತೆ," ಅಂದಳು ಲೀಡರಮ್ಮ. "ಮೂರೂ ಬರೆದುಕೊಡು. ಹೋದ ವರ್ಷ ಬರೆದುಕೊಡ್ತಿದ್ದವಳು ಈಗಿಲ್ಲ."

"ಬರೀದಿದ್ರೆ?"

"ಹಾಜರಿ ಕಮ್ಮಿಯಾದ್ರೆ ಪರೀಕ್ಷೆಗೆ ಕೂರಿಸಲ್ಲ. ಹೇಗೂ ಒಂದು ವರ್ಷ ಕಳ್ಕೊಂಡಿದ್ದೀಯ. ಇನ್ನೊಂದು ಹೋದರೇನು."

ಕೈ ಕೆಸರಾಗುವುದು ಇವಳದ್ದು, ಮೊಸರು ಅವರ ಬಾಯಿಗೆ. ಆದರೂ ಹಲ್ಲು ಕಚ್ಚಿಕೊಂಡು ಬರೆದುಕೊಟ್ಟುಬಿಡುತ್ತಿದ್ದಳೇನೋ. ಮರುದಿನ ಅಪ್ಪ ಬಂದ.

ಅವಳು ಮರೆತುಹೋಗಿದ್ದ ಏಪ್ರನ್ನನ್ನು ತಂದಿದ್ದ. ಗೇಟಿನ ಪುಸ್ತಕದಲ್ಲಿ ಸಹಿ ಹಾಕಬೇಕಾಯಿತು. ಪೆನ್ನು ಹಿಡಿದ ಕೈ ಕಾಗದದ ಮೇಲೆ ತಟತಟ ಬಡಿಯತೊಡಗಿತು. ಊರಿಗೆಲ್ಲ ಹೆಸರು ಬರೆದುಕೊಟ್ಟವನಿಗೆ ತನ್ನ ಹೆಸರು ಬರೆಯಲಾಗಲಿಲ್ಲ. ಪಕ್ಕದಲ್ಲೇ ನಿಂತಿದ್ದ ಆ ಮೂವರೂ ಪೆನ್ನು ತೆಗೆದು, ಅದೇ ಹಾಗೆ ಕೈ ನಡುಗಿಸುತ್ತ, ಗಾಳಿಯಲ್ಲಿ ಸಹಿ ಹಾಕಿದರು. ಬಾಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನೂ ನಕ್ಕ. "ಮಕ್ಕಳು, ಬಿಡು," ಅಂದ. ಅವನು ನಕ್ಕದ್ದೇ ಟೀಸಿಯ ಕರುಳು ಸುಟ್ಟಿತು.

ಊಟದ ಗಂಟೆಯಲ್ಲಿ ಅವಳು ನೇರವಾಗಿ ಲ್ಯಾಬಿಗೆ ಹೋಗಿ ಕೆಳಗಿನ ಖಾನೆ ಎಳೆದಳು. ಮಾಟದಲ್ಲಿ ನಂಬಿಕೆಯಿತ್ತೆಂದಲ್ಲ. ಸುಳ್ಳಾದರೆ ಬರೆಯುವ ಕೆಲಸ ಬೇಗ ಮುಗಿಯಿತು, ನಿಜವಾದರೆ ಇನ್ನೂ ಒಳ್ಳೆಯದಾಯಿತು. ಬರೆದ ಕೈಗೆ ಏನೋ ಆಗುತ್ತದೆ ಅಂದಿದ್ದಳು ಅಟೆಂಡರಮ್ಮ. ಅದನ್ನು ಟೀಸಿ ತಳ್ಳಿಹಾಕಿದಳು. ಕಾಲೇಜಿನಲ್ಲಿ ಬರೆದವರನ್ನು ಕೇಳುವವರ್ಯಾರು? ಅಂಕ ಬರುವುದು ರಟ್ಟಿನ ಮೇಲಿನ ಹೆಸರಿಗೆ. ಶಾಪವೂ ಅಲ್ಲಿಗೇ ಹೋಗಲಿ.

ರೆಕಾರ್ಡನ್ನು ಉದ್ದನೆಯ ಕೂದಲಿನಿಂದ ಸುತ್ತಿ ಏಳು ಗಂಟು ಹಾಕಿದ್ದರು. ರಟ್ಟಿನ ಮೇಲೆ ಹೆಸರಿದ್ದ ಕಡೆ ಕಂದುಬಣ್ಣದ ಹೆಬ್ಬೆಟ್ಟಿನ ಗುರುತು. ಗಂಟು ಬಿಚ್ಚುತ್ತಿದ್ದಂತೆ ವಾಸನೆ ಬಂತು. ಸುಟ್ಟ ಕೂದಲು, ಆಸ್ಪತ್ರೆಯ ಮುಲಾಮು. ಒಳಗೆ ಎಡಕ್ಕೆ ವಾಲಿದ ಸಣ್ಣ ಅಕ್ಷರಗಳು, ಕೊಂಬುಗಳನ್ನು ಉದ್ದಕ್ಕೆ ಎಳೆದಿದ್ದವು. ಏಳು ಪ್ರಯೋಗ ಪೂರ್ತಿ ಇದ್ದವು. ಎಂಟನೆಯದು ಅರ್ಧಕ್ಕೆ ನಿಂತಿತ್ತು.

ಮೊದಲು ಬಾಲಳ ರೆಕಾರ್ಡ್ ತೆಗೆದುಕೊಂಡಳು. ಪೆನ್ನು ತಾನಾಗಿ ಓಡಿತು. ಬಣ್ಣ, ವಾಸನೆ, ಅವಲೋಕನ, ತೀರ್ಮಾನ. ಏಳನೇ ಪ್ರಯೋಗದ ಕೊನೆಗೆ ಬಂದಾಗ ಹಳೇ ಪುಸ್ತಕದಲ್ಲಿ ಇಲ್ಲದ ಸಾಲೊಂದು ಅವಳ ಕೈಯಿಂದ ಇಳಿಯಿತು: 'ಅವಲೋಕನ: ನಾಲಿಗೆಯ ಮೇಲೆ ಬಿಳಿ ಪದರ. ತೀರ್ಮಾನ: ಬಾಯಿ ಹೋಯಿತು.'

ಟೀಸಿ ಪೆನ್ನೆತ್ತಿ ಆ ಸಾಲನ್ನು ಮತ್ತೆ ಓದಿದಳು. ಹೊಡೆದುಹಾಕಬಹುದಿತ್ತು. ಅಪ್ಪ ನಕ್ಕದ್ದು ನೆನಪಾಯಿತು. ರೆಕಾರ್ಡ್ ಮುಚ್ಚಿ ಕೊಟ್ಟಳು.

ಮರುದಿನ ತರಗತಿಯಲ್ಲಿ ಲೀಡರಮ್ಮ ಏನೋ ಅಂದಳು. ಬಾಲ ನಗಲು ಬಾಯಿ ತೆರೆದಳು. ಸದ್ದಿಲ್ಲ. ಮತ್ತೆ ತೆರೆದಳು. ನಾಲಿಗೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಗಂಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಬೆಂಚಿನ ಕೆಳಗೆ ಜಾರಿದಳು. ವೈದ್ಯರಿಗೆ ಕಾರಣ ಸಿಗಲಿಲ್ಲ. ಟೀಸಿಯ ಹೊಟ್ಟೆ ತಣ್ಣಗಾಯಿತು, ಎಷ್ಟೋ ದಿನದ ಮೇಲೆ ಆ ಸಂಜೆ ಎರಡು ತುತ್ತು ಹೆಚ್ಚು ಉಂಡಳು.

ಎರಡನೆಯದು ಕನ್ನಡಿಯ ರೆಕಾರ್ಡ್. ಈ ಸಲ ಟೀಸಿ ಆ ಸಾಲಿಗಾಗಿ ಕಾದಳು. ಬಂತು. 'ತೀರ್ಮಾನ: ಮುಖ ಹೋಯಿತು.' ನಾಲ್ಕೇ ದಿನದಲ್ಲಿ ಕನ್ನಡಿಯ ಕೆನ್ನೆಗಳ ಮೇಲೆ ಬೊಬ್ಬೆಗಳೆದ್ದವು, ಒಡೆದವು, ಚರ್ಮ ಸಿಪ್ಪೆಯಾಗಿ ಇಳಿಯಿತು. ಅವಳ ಪುಟ್ಟ ಕನ್ನಡಿ ಲ್ಯಾಬಿನ ಕಸದ ಬುಟ್ಟಿಯಲ್ಲಿ ಬಿದ್ದಿತ್ತು.

ಆ ಭಾನುವಾರ ಟೀಸಿ ಹೊಲಿಗೆ ಅಂಗಡಿಯ ಫಲಕ ಬರೆಯಲು ಕೂತಳು. ಅಪ್ಪ ಬಣ್ಣ ಕಲಸಿಕೊಟ್ಟು ಪಕ್ಕದಲ್ಲಿ ಮೊಣಕಾಲು ಮಡಚಿ ಕೂತ. ನಾಲ್ಕು ಅಕ್ಷರ ಆಗುವುದರೊಳಗೆ ಅವಳ ಭುಜ ಹಿಡಿದು ತಡೆದ.

"ಇದ್ಯಾರ ಅಕ್ಷರ ಮಗಳೇ?"

ಅಕ್ಷರಗಳು ಎಡಕ್ಕೆ ವಾಲಿದ್ದವು. ಕೊಂಬುಗಳು ಉದ್ದಕ್ಕೆ ಎಳೆದುಕೊಂಡಿದ್ದವು. ಒರೆಸಿ ಮತ್ತೆ ಬರೆದಳು. ಮತ್ತೆ ವಾಲಿದವು. "ನಿದ್ದೆಗೆಟ್ಟಿದ್ದೀನಪ್ಪ," ಅಂದು ಬ್ರಷ್ಷು ಕೆಳಗಿಟ್ಟಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಅವಳಿಗೂ ಗೊತ್ತಿತ್ತು. ಆದರೆ ಲೀಡರಮ್ಮ ಇನ್ನೂ ಉಳಿದಿದ್ದಳಲ್ಲ.

ಸೋಮವಾರ ಮಧ್ಯಾಹ್ನ ಲೀಡರಮ್ಮಳೇ ಲ್ಯಾಬಿಗೆ ಬಂದಳು, ಒಬ್ಬಳೇ. ತುಟಿ ಬಿಳಿಚಿತ್ತು.

"ನನ್ನ ರೆಕಾರ್ಡ್ ಕೊಡು ಟೀಸಿ. ಅವರಿಬ್ಬರ ರೆಕಾರ್ಡಿನ ಕೊನೇ ಸಾಲು ಓದಿದೆ. ನಾನೇ ಬರ್ಕೋತೀನಿ."

ಟೀಸಿಯ ಮುಂದೆ ಎರಡೂ ಪುಸ್ತಕ ತೆರೆದಿದ್ದವು. ಏಳು ಪ್ರಯೋಗ ಮುಗಿದಿತ್ತು. ಹಳೇ ಪುಸ್ತಕದ ಎಂಟನೇ ಪ್ರಯೋಗವನ್ನು ಅವಳು ಜೋರಾಗಿ ಓದಿದಳು: "ಸಾಮಗ್ರಿ: ನೀರು ಬೆರೆಸಿದ ಆಮ್ಲ ಎಂದು ಚೀಟಿ ಹಚ್ಚಿದ ಶೀಸೆ. ಇಲ್ಲಿಗೆ ನಿಂತಿದೆ. ನೀರು ಬೆರೆಸಿದ ಆಮ್ಲದಿಂದ ಯಾರೂ ಸುಟ್ಟು ಸಾಯಲ್ಲ. ಆ ಚೀಟಿ ಬದಲಾಯಿಸಿದ್ದು ಯಾರು?"

ಲೀಡರಮ್ಮ ಕಪಾಟಿಗೆ ಒರಗಿದಳು. "ತಮಾಷೆಗೆ ಮಾಡಿದ್ದು ಕಣೇ. ಏಪ್ರನ್ ತೂತಾಗುತ್ತೆ, ಅಳ್ತಾಳೆ, ನಗೋಣ ಅಂತ. ಮುಖಕ್ಕೆ ಸಿಡಿಯುತ್ತೆ ಅಂತ ಯಾರಿಗೆ ಗೊತ್ತಿತ್ತು? ಒಂಬತ್ತು ದಿನ ಬದುಕಿದ್ದಳು. ದಮ್ಮಯ್ಯ, ಬರೀಬೇಡ. ನಿಮ್ಮಪ್ಪನ ಕಾಲಿಗೆ ಬೇಕಾದರೂ ಬೀಳ್ತೀನಿ."

ಟೀಸಿ ಅವಳನ್ನು ನೋಡಿದಳು. ಗಾಳಿಯಲ್ಲಿ ನಡುಗಿದ ಮೂರು ಪೆನ್ನುಗಳನ್ನು ನೋಡಿದಳು. ಪೆನ್ನನ್ನು ಕಾಗದಕ್ಕೆ ಊರಿದಳು.

ಕೈ ಓಡಿತು. 'ಅವಲೋಕನ.' ನಲ್ಲಿಗಳೆಲ್ಲ ಒಮ್ಮೆಗೇ ಗೊರಗೊರ ಅಂದವು. ಸುಟ್ಟ ವಾಸನೆ. ಎಲ್ಲೂ ಬೆಂಕಿಯಿಲ್ಲ. 'ತೀರ್ಮಾನ.' ಲೀಡರಮ್ಮ ಬಾಗಿಲ ಕಡೆ ಓಡಿದಳು. ಸ್ಟೂಲು ಉರುಳಿತು. 'ಕಣ್ಣು.' ಬಾಗಿಲು ಸಿಗಲಿಲ್ಲ. ಗೋಡೆ ತಡವಿದಳು. 'ಹೋಯಿತು.' ಕಿರುಚಿದಳು. ಕಣ್ಣುಗಳೆರಡೂ ಬೆಂದ ಮೊಟ್ಟೆಯ ಹಾಗೆ ಬೆಳ್ಳಗಾಗಿದ್ದವು.

ಜನ ಓಡಿಬಂದರು. ಅವಳನ್ನು ಹೊತ್ತುಕೊಂಡು ಹೋದರು. ಲ್ಯಾಬು ಖಾಲಿಯಾಯಿತು. ಟೀಸಿ ಮಾತ್ರ ಕೂತಲ್ಲೇ ಇದ್ದಳು, ಪೆನ್ನು ಕೆಳಗಿಡಲು ನೋಡುತ್ತಿದ್ದಳು. ಬೆರಳು ಬಿಚ್ಚುತ್ತಿರಲಿಲ್ಲ. ಎಡಗೈಯಿಂದ ಎಳೆದಳು. ಹಲ್ಲಿನಿಂದ ಕಚ್ಚಿದಳು. ನೋವೇ ಆಗಲಿಲ್ಲ, ಇನ್ಯಾರದೋ ಕೈ ಕಚ್ಚಿದ ಹಾಗಿತ್ತು.

ಅಟೆಂಡರಮ್ಮ ಬಾಗಿಲು ಹಾಕಿ ಚಿಲಕ ಸರಿಸಿ ಬಂದಳು. ಉರುಳಿದ್ದ ಸ್ಟೂಲನ್ನು ಎತ್ತಿ ಎದುರಿಗೆ ಹಾಕಿಕೊಂಡು ಕೂತಳು. ಅವಳ ಹೆಬ್ಬೆಟ್ಟಿನಲ್ಲಿ ಕೊಯ್ದ ಹಳೇ ಗಾಯವಿತ್ತು. ರಟ್ಟಿನ ಮೇಲಿನ ಗುರುತಿನಲ್ಲೂ ಅದೇ ಗೆರೆ.

"ನೀವು ಅವಳ..." ಟೀಸಿ ರಟ್ಟನ್ನೂ ಆ ಬೆರಳನ್ನೂ ಮತ್ತೆ ನೋಡಿದಳು.

"ಅಮ್ಮ. ಮಗಳು ಹೋದಳು ಅಂತ ಕರುಣೆಯಿಂದ ಈ ಕೆಲಸ ಕೊಟ್ಟರು. ಅವಳು ಸುಟ್ಟುಕೊಂಡ ಸಿಂಕನ್ನೇ ದಿನಾ ತೊಳೀತೀನಿ." ಅವಳ ದನಿ ಏರಲಿಲ್ಲ. "ಮಗಳು ಕಳ್ಕೊಂಡಿದ್ದು ಬಾಯಿ, ಮುಖ, ಕಣ್ಣು. ಮೂರೂ ವಾಪಸ್ ಬಂತು. ಅವಳು ಬರೆಯೋಕೆ ಕೈ ಒಂದು ಬೇಕಿತ್ತು. ನಾನಂತೂ ನಿನ್ನ ಕರೀಲಿಲ್ಲ, ಮುಟ್ಟಬೇಡ ಅಂತಲೇ ಹೇಳಿದ್ದೆ."

"ನಮ್ಮಪ್ಪನ ಊಟ ಈ ಕೈಯಲ್ಲಿದೆ ಅಮ್ಮ."

ಅಟೆಂಡರಮ್ಮ ಬಿಳಿ ಹಾಳೆಯೊಂದನ್ನು ಪೆನ್ನಿನ ಕೆಳಗೆ ಸರಿಸಿದಳು. ಆ ಕೈಯ ಬೆನ್ನನ್ನು, ಕೂಸಿನ ತಲೆ ಸವರುವ ಹಾಗೆ ಸವರಿದಳು. "ಬಂದೆಯಾ ಕಂದಾ? ಉರಿ ಕಮ್ಮಿಯಾಯ್ತಾ? ಬರಿ."

ಕೈ ಬರೆಯಿತು. ಎಡಕ್ಕೆ ವಾಲಿದ ಸಣ್ಣ ಅಕ್ಷರಗಳು. ಅಮ್ಮನ ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು. ಅಕ್ಷರದ ಮೇಲೆ ಬೆರಳಾಡಿಸಿದಳು, ತಲೆಕೆಳಗಾಗಿ ಹಿಡಿದು ನೋಡಿದಳು, ಮತ್ತೆ ಟೀಸಿಯ ಮುಂದಿಟ್ಟಳು.

"ಏನು ಬರೆದಿದ್ದಾಳೆ? ಓದಿ ಹೇಳು."

ಟೀಸಿ ಓದಿದಳು. ಓದುತ್ತ ಅವಳಿಗೆ ಹೋದ ಜೀವ ಬಂದಂತಾಯಿತು. "ಅಮ್ಮ, ಸಾಕು. ಇವಳ ಕೈ ಬಿಟ್ಟುಬಿಡು. ನನ್ನನ್ನೂ ಬಿಡು, ನಾನು ಹೋಗಬೇಕು."

ಲ್ಯಾಬಿನಲ್ಲಿ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಅಟೆಂಡರಮ್ಮ ಕಣ್ಣೊರೆಸಿಕೊಂಡಳು. ಅವಳ ಮುಖ ನಿಧಾನವಾಗಿ ಬಿಗಿಯಿತು.

"ಮಗಳು ಸತ್ತಾಗ ಕಾಲೇಜಿನವರು ವಿಚಾರಣೆ ಅಂತ ಕೂತರು. ಕಾಗದ ಓದಿದರು. 'ಚೀಟಿ ಬದಲಾಯಿಸಿದವರಿಗೆ ಶಿಕ್ಷೆ' ಅಂತ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಇದ್ದದ್ದು 'ತಪ್ಪು ಹುಡುಗಿಯದೇ' ಅಂತ ಆಮೇಲೆ ಗೊತ್ತಾಯ್ತು. ಓದು ಬಲ್ಲವರೆಲ್ಲ ತಮಗೆ ಬೇಕಾದ್ದನ್ನ ಓದ್ತಾರೆ."

"ನಾನು ನಿಜ ಓದ್ತಿದ್ದೀನಮ್ಮ. ಅಪ್ಪನ ಆಣೆ. ಬೇಕಾದರೆ ಬೇರೆ ಯಾರಿಗಾದರೂ ತೋರಿಸಿ."

"ಬೇರೆಯವರಿಗೆ? ಈ ಕಾಲೇಜಿನಲ್ಲಿ?" ಅಟೆಂಡರಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನೀಲಿ ಕೋಟಿನ ಜೇಬಿಗಿಟ್ಟುಕೊಂಡಳು. ಅದೇ ಜೇಬಿನಿಂದ ಹಳೇ ಮಡಿಕೆಯ ಇನ್ನೊಂದು ಕಾಗದ ತೆಗೆದು ಟೀಸಿಯ ಮುಂದೆ ಹಿಡಿದಳು. ಶನಿವಾರದೊಳಗೆ ಸಿಂಕು ತೊಳೆಯುವ ಆದೇಶ. "ಮೊದಲ ದಿನ ಇದನ್ನ ನನಗೆ ಏನಂತ ಓದಿ ಹೇಳಿದ್ದೆ?"

ಅಂದಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ ಅವಳ ಬಲಗೈ ಅವಳನ್ನು ಲ್ಯಾಬಿಗೆ ಎಳೆದು ತರುತ್ತದೆ. ಹೊಲಿಗೆ ಅಂಗಡಿಯ ಫಲಕ ನಾಲ್ಕು ವಾಲಿದ ಅಕ್ಷರಗಳಿಗೆ ನಿಂತಿದೆ. ಅಪ್ಪ ನಡುಗುವ ಕೈಯಲ್ಲೇ ಐದನೆಯದನ್ನು ಬರೆಯಲು ನೋಡುತ್ತಾನೆ, ಒರೆಸುತ್ತಾನೆ. ಇಲ್ಲಿ ಕೈ ಬರೆಯುತ್ತದೆ, ಪ್ರತಿದಿನ ಅದೇ ಮೂರು ಸಾಲು, ಪ್ರತಿದಿನ ಇನ್ನಷ್ಟು ಒತ್ತಿ, ಕಾಗದ ಹರಿಯುವ ಹಾಗೆ. ಟೀಸಿ ಅಳುತ್ತ ಇದ್ದದ್ದನ್ನು ಇದ್ದಂತೆ ಓದುತ್ತಾಳೆ.

ಅಟೆಂಡರಮ್ಮ ತಲೆಯಾಡಿಸಿ ಹೊಸ ಹಾಳೆ ಇಡುತ್ತಾಳೆ.

"ಇನ್ನೊಂದು ಸಲ ಬರಿ ಕಂದಾ," ಅನ್ನುತ್ತಾಳೆ. "ನೀನು ಸರಿಯಾಗಿ ಓದಿ ಹೇಳು."